ಅಮೆರಿಕದಲ್ಲಿ ಎರಡನೇ ಡಿಗ್ರಿಯಾಗಿ ನರ್ಸಿಂಗ್: ಮಾರ್ಕ್ಸ್ ಕಾರ್ಡ್ ಹುಡುಕುವುದರಿಂದ ಸೀಟು ಕೈಗೆ ಬರುವವರೆಗೆ

ಅಮೆರಿಕದಲ್ಲಿ ನರ್ಸಿಂಗ್ ಸೀಟಿಗೆ ಅರ್ಜಿ ಹಾಕುವ ಕೆಲಸ ನನಗೆ ಶುರುವಾಗಿದ್ದು ಹಾಸನದ ನಮ್ಮ ಮನೆಯ ಬೀರುವಿನಿಂದ. ಅಮ್ಮ ರೇಷ್ಮೆ ಸೀರೆಗಳ ಕೆಳಗಿದ್ದ ಪ್ಲಾಸ್ಟಿಕ್ ಕವರ್ ತೆಗೆದರು. ನನ್ನ ಬಿಎಸ್ಸಿ ಮಾರ್ಕ್ಸ್ ಕಾರ್ಡ್‌ಗಳನ್ನು ಒಂದೊಂದಾಗಿ ವಿಡಿಯೋ ಕಾಲಿನಲ್ಲಿ ತೋರಿಸಿದರು. ಐದನೇ ಸೆಮಿಸ್ಟರಿನದು ಇರಲಿಲ್ಲ. ಆ ಒಂದು ಹಾಳೆಗಾಗಿ ನನ್ನ ಅರ್ಜಿ ಒಂದು ವರ್ಷ ಮುಂದಕ್ಕೆ ಹೋಯಿತು.

ಇಲ್ಲಿಗೆ ಗಂಡನ ಜೊತೆ, ಅಥವಾ ಹೆಂಡತಿಯ ಜೊತೆ ಬಂದ ಕನ್ನಡದವರು ಎಷ್ಟೋ ಜನ ಇದ್ದಾರೆ. ಬಿಇ, ಬಿಎಸ್ಸಿ, ಬಿಕಾಂ ಮುಗಿಸಿದ್ದಾರೆ. ನಡುವೆ ಹತ್ತು ವರ್ಷ ಮನೆ, ಮಕ್ಕಳು ಅಂತ ಕಳೆದಿದೆ. ಅವರಲ್ಲಿ ಕೆಲವರು ನನ್ನನ್ನು ಕೇಳುತ್ತಾರೆ: ಈಗ ನರ್ಸಿಂಗ್ ಓದಬಹುದಾ? ಖಂಡಿತ ಓದಬಹುದು. ಆದರೆ ಅಂಕ ಕಡಿಮೆಯಾಗಿ ಸೀಟು ತಪ್ಪಿದವರಿಗಿಂತ, ಕಾಗದ ತಡವಾಗಿ ಸೀಟು ತಪ್ಪಿದವರೇ ನನಗೆ ಜಾಸ್ತಿ ಸಿಕ್ಕಿದ್ದಾರೆ. ಅದಕ್ಕೇ ಯಾವ ಕೆಲಸ ಯಾವಾಗ ಶುರು ಮಾಡಬೇಕು ಅನ್ನುವುದನ್ನು ಇಲ್ಲಿ ಜಾಸ್ತಿ ಹೇಳುತ್ತೇನೆ.

ಇದು ಯಾರಿಗೆ, ಯಾರಿಗಲ್ಲ

ಈ ಕೋರ್ಸಿಗೆ ಇಲ್ಲಿ ಎಬಿಎಸ್‌ಎನ್ ಅನ್ನುತ್ತಾರೆ. ನರ್ಸಿಂಗ್ ಬಿಟ್ಟು ಬೇರೆ ಯಾವುದೋ ವಿಷಯದಲ್ಲಿ ಈಗಾಗಲೇ ಡಿಗ್ರಿ ಮಾಡಿದವರಿಗೆ ಇರುವ ವೇಗದ ಬಿಎಸ್‌ಎನ್ (ನರ್ಸಿಂಗ್ ಬ್ಯಾಚುಲರ್ ಡಿಗ್ರಿ) ಇದು. ಸಾಮಾನ್ಯವಾಗಿ 11ರಿಂದ 18 ತಿಂಗಳು. ಇಂತಹ ಮೊದಲ ಕೋರ್ಸ್ 1971ರಲ್ಲಿ ಸೇಂಟ್ ಲೂಯಿಸ್ ಯೂನಿವರ್ಸಿಟಿಯಲ್ಲಿ ಶುರುವಾಯಿತು. ಇತಿಹಾಸ, ಸಾಹಿತ್ಯದಂತಹ ಸಾಮಾನ್ಯ ವಿಷಯಗಳನ್ನು ನಿಮ್ಮ ಹಳೆಯ ಡಿಗ್ರಿಯ ಲೆಕ್ಕದಲ್ಲಿ ಬಿಡುತ್ತಾರೆ. ನರ್ಸಿಂಗ್ ವಿಷಯಗಳನ್ನೂ ಆಸ್ಪತ್ರೆ ತರಬೇತಿಯನ್ನೂ ರಜೆಯೇ ಇಲ್ಲದ ಹಾಗೆ ಒಟ್ಟಿಗೆ ಕಲಿಸುತ್ತಾರೆ. ಮುಗಿದ ಮೇಲೆ ಬರೆಯುವುದು ನಾಲ್ಕು ವರ್ಷ ಓದಿದವರು ಬರೆಯುವ ಅದೇ ಎನ್‌ಕ್ಲೆಕ್ಸ್ ಅನ್ನುವ ಲೈಸೆನ್ಸ್ ಪರೀಕ್ಷೆ. ಪಾಸಾದರೆ ಅದೇ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್.

ನೀವು ಕರ್ನಾಟಕದಲ್ಲೇ ಬಿಎಸ್ಸಿ ನರ್ಸಿಂಗ್ ಮಾಡಿದ್ದರೆ ಈ ದಾರಿ ನಿಮಗೆ ಬೇಡ. ನಿಮ್ಮ ಓದನ್ನು ಪರಿಶೀಲನೆಗೆ ಕಳಿಸಿ, ನೇರವಾಗಿ ಎನ್‌ಕ್ಲೆಕ್ಸ್ ಬರೆಯುವ ದಾರಿ ಇದೆ. ಬೆಂಗಳೂರಿನಲ್ಲೇ ಅದಕ್ಕೆ ಪರೀಕ್ಷಾ ಕೇಂದ್ರವೂ ಇದೆ. ಎಬಿಎಸ್‌ಎನ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.

"ಎಂಎಸ್ಸಿ ಓದಿ ನರ್ಸ್ ಆಗ್ತೀಯಾ?" ಅಂತ ನನ್ನ ಅತ್ತೆ ಫೋನಿನಲ್ಲಿ ಕೇಳಿದ್ದರು. ನಿಮ್ಮ ಮನೆಯಲ್ಲೂ ಯಾರಾದರೂ ಕೇಳುತ್ತಾರೆ. ಅವರಿಗೆ ತಾಳ್ಮೆಯಿಂದ ಉತ್ತರ ಹೇಳಿ. ರೋಗಿಯ ಸ್ಥಿತಿ ಕೆಡುತ್ತಿದೆ ಅಂತ ಮೊದಲು ಗುರುತಿಸುವುದು ನರ್ಸ್. ಡಾಕ್ಟರ್ ಬರೆದ ಔಷಧಿ ಈ ರೋಗಿಗೆ ಈಗ ಕೊಡಬಹುದೇ ಅಂತ ಕೊನೆಯ ಬಾರಿ ನೋಡುವುದೂ ನರ್ಸ್. ನಮ್ಮ ಅತ್ತೆಗೆ ಇದನ್ನು ಎರಡು ಸಲ ವಿವರಿಸಿದೆ. ಮೂರನೇ ಸಲ ಅವರೇ ನೆಂಟರಿಗೆ ವಿವರಿಸುತ್ತಿದ್ದರು.

ಹಂತ 1: ವೀಸಾ ಮತ್ತು ದುಡ್ಡಿನ ಲೆಕ್ಕ ಮೊದಲು

ಇದನ್ನು ಕೊನೆಗೆ ಇಟ್ಟುಕೊಂಡವರೇ ಹೆಚ್ಚು. ಮೊದಲು ಮಾಡಿ.

ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವ ವೀಸಾದಲ್ಲಿ ಇರುವವರು ಪೂರ್ತಿ ಸಮಯದ ಕೋರ್ಸ್ ಓದಬಹುದು. ಅದಕ್ಕಾಗಿ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಲೇಬೇಕು ಅಂತಿಲ್ಲ. ಆಸ್ಪತ್ರೆಯ ಕ್ಲಿನಿಕಲ್ ತರಬೇತಿ ಓದಿನ ಭಾಗ, ಅದಕ್ಕೆ ಸಂಬಳ ಇಲ್ಲ, ಹಾಗಾಗಿ ಅದಕ್ಕೂ ತೊಂದರೆ ಇಲ್ಲ. ನಿಜವಾದ ಪ್ರಶ್ನೆ ಓದು ಮುಗಿದ ಮೇಲೆ ಬರುತ್ತದೆ. ಕೆಲಸ ಮಾಡಲು ಅನುಮತಿ ಬೇಕು. ನಿಮ್ಮ ಸಂಗಾತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಎಚ್-4 ಇಎಡಿಗೆ, ಅಂದರೆ ಕೆಲಸದ ಅನುಮತಿ ಕಾರ್ಡಿಗೆ ಅರ್ಜಿ ಹಾಕಬಹುದು. ಈ ಅವಕಾಶ 2015ರಿಂದ ಇದೆ. ಅದಿಲ್ಲದಿದ್ದರೆ ಲೈಸೆನ್ಸ್ ಕೈಯಲ್ಲಿದ್ದರೂ ಮನೆಯಲ್ಲಿ ಕೂರಬೇಕಾದೀತು. ಎಫ್-1ರಲ್ಲಿ ಓದಿದರೆ 12 ತಿಂಗಳ ಒಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ ಸಿಗುತ್ತದೆ. ಕಂಪ್ಯೂಟರ್ ಓದಿದವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಇದಕ್ಕಿಲ್ಲ. ಎಚ್-1ಬಿ ಆಗಿಬಿಡುತ್ತದೆ ಅಂದುಕೊಳ್ಳಬೇಡಿ. ಆರ್‌ಎನ್ ಆಗಲು ಎರಡು ವರ್ಷದ ಡಿಗ್ರಿಯೇ ಸಾಕು, ಆದ್ದರಿಂದ ವಾರ್ಡ್ ನರ್ಸ್ ಕೆಲಸಕ್ಕೆ ಎಚ್-1ಬಿ ಸಿಗುವುದು ತೀರಾ ಕಷ್ಟ. ಗ್ರೀನ್ ಕಾರ್ಡ್ ವಿಷಯದಲ್ಲಿ ನರ್ಸ್‌ಗಳಿಗೆ ಒಂದು ಅನುಕೂಲ ಇದೆ, ಕೆಲಸ ಕೊಡುವವರು ಇಲ್ಲಿನವರು ಯಾರೂ ಸಿಗಲಿಲ್ಲ ಅಂತ ತೋರಿಸುವ ಲೇಬರ್ ಸರ್ಟಿಫಿಕೇಶನ್ನಿನ ಉದ್ದದ ಪ್ರಕ್ರಿಯೆ ಮಾಡಬೇಕಿಲ್ಲ. ಆದರೂ ನರ್ಸ್‌ಗಳು ಸಾಮಾನ್ಯವಾಗಿ ಬರುವ ಗ್ರೀನ್ ಕಾರ್ಡ್ ವರ್ಗ ಇಬಿ-3ರಲ್ಲಿ ಭಾರತದಲ್ಲಿ ಹುಟ್ಟಿದವರ ಸಾಲು ವರ್ಷಗಟ್ಟಲೆ ಉದ್ದ. ಒಬ್ಬ ವಲಸೆ ವಕೀಲರಿಗೆ ಅರ್ಧ ಗಂಟೆಯ ಫೀಸ್ ಕೊಟ್ಟು ನಿಮ್ಮ ಪರಿಸ್ಥಿತಿ ಕೇಳಿ. ಆ ದುಡ್ಡು ದಂಡವಾಗುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಆಮೇಲೆ ದೊಡ್ಡದಾಗುತ್ತದೆ. ಕೆಲಸದ ಅನುಮತಿ ಇಲ್ಲದ ಎಚ್-4ನವರಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರುವುದಿಲ್ಲ. ಲೈಸೆನ್ಸ್ ಕೊಡುವಾಗ ಕೆಲವು ರಾಜ್ಯಗಳ ನರ್ಸಿಂಗ್ ಬೋರ್ಡ್ ಅದರ ಬದಲು ಐಟಿನ್ (ತೆರಿಗೆ ನಂಬರ್) ಒಪ್ಪುತ್ತದೆ, ಕೆಲವು ಒಪ್ಪುವುದಿಲ್ಲ. ನಿಮ್ಮ ರಾಜ್ಯದ ಬೋರ್ಡಿಗೆ ಈಗಲೇ ಇಮೇಲ್ ಹಾಕಿ ಕೇಳಿ. ಉತ್ತರವನ್ನು ಉಳಿಸಿಟ್ಟುಕೊಳ್ಳಿ.

ದುಡ್ಡಿನ ಮಾತು. ಸರ್ಕಾರಿ ಮತ್ತು ಖಾಸಗಿ ಯೂನಿವರ್ಸಿಟಿ ಫೀಸಿನ ನಡುವೆ ಅಜಗಜಾಂತರ. ಒಂದು ಡಿಗ್ರಿ ಆಗಲೇ ಇರುವವರಿಗೆ ಪೆಲ್ ಗ್ರಾಂಟ್ ಅನ್ನುವ ಸರ್ಕಾರಿ ಧನಸಹಾಯ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಫಾಫ್ಸಾ ಅನ್ನುವ ಅರ್ಜಿ ತುಂಬಿ ಫೆಡರಲ್ (ಕೇಂದ್ರ ಸರ್ಕಾರದ) ಸಾಲ ಪಡೆಯಬಹುದು, ಆದರೆ ಅದಕ್ಕೆ ವಾರ್ಷಿಕ ಮಿತಿ ಇದೆ. ಅಪ್ಪ ಅಮ್ಮನ ಆದಾಯ ಲೆಕ್ಕಕ್ಕೆ ಬಾರದ ಸ್ವತಂತ್ರ ವಿದ್ಯಾರ್ಥಿಗೆ ಸಾಮಾನ್ಯವಾಗಿ ವರ್ಷಕ್ಕೆ 12,500 ಡಾಲರ್. ಖಾಸಗಿ ಕಾಲೇಜಿನ ಫೀಸಿಗೆ ಅದು ಎಲ್ಲಿಯೂ ಸಾಲದು. ಎಚ್-4, ಎಫ್-1ರವರಿಗೆ ಫೆಡರಲ್ ಸಾಲವೇ ಇಲ್ಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರ ಜಾಮೀನು ಸಹಿ ಕೇಳುತ್ತಾರೆ. ಗ್ರೀನ್ ಕಾರ್ಡ್ ಇರುವವರು ನರ್ಸ್ ಕೋರ್ ಸ್ಕಾಲರ್‌ಶಿಪ್ ಮರೆಯಬೇಡಿ. ಫೀಸನ್ನೂ ತಿಂಗಳ ಖರ್ಚನ್ನೂ ಕೊಡುತ್ತಾರೆ. ಬದಲಿಗೆ ನರ್ಸ್‌ಗಳ ಕೊರತೆ ಇರುವ ಕಡೆ ಕನಿಷ್ಠ ಎರಡು ವರ್ಷ ಕೆಲಸ ಮಾಡಬೇಕು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೆಲಸದ ಅನುಮತಿ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಿದ್ದರೆ, ದೊಡ್ಡ ಸಾಲ ಮಾಡಿ ಖಾಸಗಿ ಎಬಿಎಸ್‌ಎನ್‌ಗೆ ಸೇರಬೇಡಿ. ಕಮ್ಯುನಿಟಿ ಕಾಲೇಜಿನ (ಕಡಿಮೆ ಫೀಸಿನ ಸ್ಥಳೀಯ ಕಾಲೇಜು) ಎರಡು ವರ್ಷದ ನರ್ಸಿಂಗ್ ಡಿಗ್ರಿ ಎಡಿಎನ್ ಓದಿದರೂ ಅದೇ ಎನ್‌ಕ್ಲೆಕ್ಸ್ ಬರೆಯಬಹುದು. ಆಮೇಲೆ ಆನ್‌ಲೈನಿನಲ್ಲಿ ಬಿಎಸ್‌ಎನ್ ಮುಗಿಸಬಹುದು.

ಹಂತ 2: ಊರಿನ ಕಾಗದ

ಭಾರತದ ಡಿಗ್ರಿಯನ್ನು ಇಲ್ಲಿನ ಕಾಲೇಜುಗಳು ಹಾಗೇ ಓದುವುದಿಲ್ಲ. ವೆಸ್ ಅಥವಾ ಇಸಿಇಯಂತಹ ಸಂಸ್ಥೆ ಪರಿಶೀಲಿಸಿ ವರದಿ ಕೊಡಬೇಕು. ವರದಿ ಎರಡು ಬಗೆ. ನಿಮಗೆ ಬೇಕಾಗಿದ್ದು ಕೋರ್ಸ್ ಬೈ ಕೋರ್ಸ್, ಅಂದರೆ ಪ್ರತಿ ವಿಷಯಕ್ಕೂ ಕ್ರೆಡಿಟ್ ಮತ್ತು ಗ್ರೇಡ್ ತೋರಿಸುವುದು. ಕಡಿಮೆ ಬೆಲೆಯ ಇನ್ನೊಂದನ್ನು ತೆಗೆದುಕೊಂಡು ಎರಡನೇ ಸಲ ದುಡ್ಡು ಕಟ್ಟಿದವರಿದ್ದಾರೆ. ಯಾವ ಸಂಸ್ಥೆಯ ವರದಿ ಒಪ್ಪುತ್ತಾರೆ ಅಂತ ನೀವು ಅರ್ಜಿ ಹಾಕುವ ಪ್ರತಿ ಕಾಲೇಜಿನ ಪುಟದಲ್ಲೂ ನೋಡಿ. ಆಮೇಲೆ ದುಡ್ಡು ಕಟ್ಟಿ.

ಕೆಲಸ ನಡೆಯುವುದು ಹೀಗೆ. ನೀವು ಆನ್‌ಲೈನಿನಲ್ಲಿ ಖಾತೆ ತೆರೆಯುತ್ತೀರಿ. ಒಂದು ರೆಫರೆನ್ಸ್ ನಂಬರ್ ಬರುತ್ತದೆ. ಆ ನಂಬರ್ ಇರುವ ಫಾರ್ಮ್ ಜೊತೆ ನಿಮ್ಮ ಯೂನಿವರ್ಸಿಟಿ ಟ್ರಾನ್ಸ್‌ಕ್ರಿಪ್ಟನ್ನು (ಓದಿದ ಎಲ್ಲಾ ವಿಷಯ, ಅಂಕಗಳ ಅಧಿಕೃತ ಪಟ್ಟಿ) ಸೀಲ್ ಮಾಡಿದ ಲಕೋಟೆಯಲ್ಲಿ, ಮುಚ್ಚಳದ ಮೇಲೆ ಸಹಿ ಮತ್ತು ಮೊಹರು ಹಾಕಿ ನೇರವಾಗಿ ಕಳಿಸಬೇಕು. ನೀವು ಒಡೆದರೆ ಆ ಲಕೋಟೆಗೆ ಬೆಲೆ ಇಲ್ಲ. ಕಾಲೇಜಿನ ಪ್ರಿನ್ಸಿಪಾಲರ ಸಹಿ ಸಾಕು ಅಂದುಕೊಂಡು ಕೆಲವರು ಅಲ್ಲಿಗೇ ನಿಲ್ಲುತ್ತಾರೆ. ಸಾಕಾಗುವುದಿಲ್ಲ. ಡಿಗ್ರಿ ಕೊಟ್ಟ ಯೂನಿವರ್ಸಿಟಿಯೇ ಕಳಿಸಬೇಕು. ಇಂಜಿನಿಯರಿಂಗ್ ಓದಿದವರಿಗೆ ಒಂದು ಮಾತು: ವಿಟಿಯು ಶುರುವಾಗಿದ್ದು 1998ರಲ್ಲಿ. ಅದಕ್ಕೂ ಮುಂಚೆ ಓದಿದ್ದರೆ ನಿಮ್ಮ ಕಾಲೇಜು ಆಗ ಯಾವ ಯೂನಿವರ್ಸಿಟಿಗೆ ಸೇರಿತ್ತೋ ಅಲ್ಲಿಗೆ ಹೋಗಬೇಕು.

ಊರಿನಲ್ಲಿ ಒಬ್ಬರು ಓಡಾಡುವವರು ಬೇಕು. ತಮ್ಮನೋ, ಅಪ್ಪನೋ, ಹಳೆಯ ಗೆಳತಿಯೋ. ಅವರ ಹೆಸರಿಗೆ ಒಂದು ಅಧಿಕಾರ ಪತ್ರ, ನಿಮ್ಮ ಪಾಸ್‌ಪೋರ್ಟ್ ಪ್ರತಿ, ಮಾರ್ಕ್ಸ್ ಕಾರ್ಡ್‌ಗಳ ಪ್ರತಿ, ಚಲನ್ ಕಟ್ಟಿದ ರಸೀದಿ, ಇಷ್ಟನ್ನು ಒಂದೇ ಫೈಲಿನಲ್ಲಿ ಹಾಕಿ ಕೊಡಿ. ಒಂದಕ್ಕಿಂತ ಹೆಚ್ಚು ಸೀಲ್ ಲಕೋಟೆ ಕೇಳಿ. ಎರಡು ಹೆಚ್ಚಿಗೆ ಇರಲಿ, ಮುಂದೆ ಬೇಕಾಗುತ್ತದೆ.

ಮಾರ್ಕ್ಸ್ ಕಾರ್ಡ್ ಕಳೆದಿದ್ದರೆ ಡುಪ್ಲಿಕೇಟ್‌ಗೆ ಅರ್ಜಿ ಹಾಕಬೇಕು. ಪೊಲೀಸ್ ಠಾಣೆಯಲ್ಲಿ ದೂರು, ನೋಟರಿ ಅಫಿಡವಿಟ್, ಫೀಸು. ನಾನು ಇದನ್ನು ಅರ್ಜಿಯ ಗಡುವಿಗೆ ಎರಡು ತಿಂಗಳು ಇರುವಾಗ ಶುರು ಮಾಡಿದೆ. ಅಪ್ಪ ಬಸ್ಸಿನಲ್ಲಿ ನಾಲ್ಕು ಸಲ ಹೋಗಿ ಬಂದರು. ಹಾಳೆ ಬಂದಾಗ ಗಡುವು ಮುಗಿದು ಮೂರು ವಾರವಾಗಿತ್ತು. ಅಪ್ಪನ ಆ ನಾಲ್ಕು ಬಸ್ ಪ್ರಯಾಣ ನೆನೆದಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನೀವು ಈ ಓದಿನ ಬಗ್ಗೆ ಯೋಚಿಸುತ್ತಿದ್ದೀರಿ ಅಷ್ಟೇ ಆದರೂ, ಕಾಗದಗಳನ್ನು ಈ ವಾರವೇ ಎಣಿಸಿ ನೋಡಿ.

ಹೆಸರಿನ ಗೊಂದಲ ನಮ್ಮವರಿಗೆ ವಿಶೇಷವಾಗಿ ಬರುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಊರಿನ ಹೆಸರಾಗಿ, ಅಪ್ಪನ ಹೆಸರಾಗಿ ಬಿಡಿಸಿಕೊಂಡಿರುತ್ತದೆ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿರುತ್ತದೆ. ಇಲ್ಲಿನವರಿಗೆ ಇದು ಮೂರು ಬೇರೆ ಬೇರೆ ಮನುಷ್ಯರ ಹಾಗೆ ಕಾಣುತ್ತದೆ. ಮದುವೆ ಸರ್ಟಿಫಿಕೇಟ್ ಮತ್ತು "ಇವರಿಬ್ಬರೂ ಒಬ್ಬರೇ" ಅನ್ನುವ ಅಫಿಡವಿಟ್ ತಯಾರಿಟ್ಟುಕೊಳ್ಳಿ. ಎಲ್ಲಾ ಅರ್ಜಿಗಳಲ್ಲೂ ಪಾಸ್‌ಪೋರ್ಟಿನ ಹೆಸರನ್ನೇ ಬರೆಯಿರಿ. ಹಳೆಯ ಹೆಸರು ಕೇಳುವ ಜಾಗದಲ್ಲಿ ಮಾರ್ಕ್ಸ್ ಕಾರ್ಡಿನ ಹೆಸರು ಹಾಕಿ.

ಮೂರು ವರ್ಷದ ಬಿಎಸ್ಸಿ, ಬಿಕಾಂ, ಬಿಎ ಮಾಡಿದವರು ಗಮನಿಸಿ. ಕೆಲವು ಕಡೆ ಅದನ್ನು ಅಮೆರಿಕದ ನಾಲ್ಕು ವರ್ಷದ ಡಿಗ್ರಿಗೆ ಸಮ ಅಂತ ಒಪ್ಪುತ್ತಾರೆ, ಕೆಲವು ಕಡೆ ಮೂರು ವರ್ಷದ ಓದು ಅಂತ ಮಾತ್ರ ನೋಡುತ್ತಾರೆ. ಮೇಲೆ ಎಂಎಸ್ಸಿಯೋ ಎಂಕಾಮೋ ಆಗಿದ್ದರೆ ಅದರ ಟ್ರಾನ್ಸ್‌ಕ್ರಿಪ್ಟನ್ನೂ ಸೇರಿಸಿ. ನನ್ನದು ದಾಟಿದ್ದು ಹಾಗೆ. ಇನ್ನು ನಿಮ್ಮ 62 ಪರ್ಸೆಂಟ್ ನೋಡಿ ಬೇಸರ ಮಾಡಿಕೊಳ್ಳಬೇಡಿ. ನಮ್ಮಲ್ಲಿ 60 ದಾಟಿದರೆ ಫಸ್ಟ್ ಕ್ಲಾಸ್ ಅನ್ನುವುದು ಪರಿಶೀಲನೆ ಮಾಡುವವರಿಗೆ ಗೊತ್ತು. ನೀವೇ ಲೆಕ್ಕ ಹಾಕಿ ಜಿಪಿಎ (ಇಲ್ಲಿ 4ಕ್ಕೆ ಲೆಕ್ಕ ಹಾಕುವ ಗ್ರೇಡುಗಳ ಸರಾಸರಿ) ಬರೆಯಲು ಹೋಗಬೇಡಿ.

ಹಂತ 3: ಪ್ರೀರೆಕ್ವಿಸಿಟ್ ವಿಷಯಗಳು

ನಿಜವಾದ ಸ್ಪರ್ಧೆ ಇಲ್ಲಿದೆ. ನರ್ಸಿಂಗ್ ಸೇರುವ ಮೊದಲೇ ಮುಗಿಸಿರಬೇಕು ಅಂತ ಹೆಚ್ಚಿನ ಕಾಲೇಜುಗಳು ಕೇಳುವುದು: ಅನಾಟಮಿ ಅಂಡ್ ಫಿಸಿಯಾಲಜಿ ಒಂದು ಮತ್ತು ಎರಡು, ಮೈಕ್ರೋಬಯಾಲಜಿ, ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ನ್ಯೂಟ್ರಿಷನ್, ಹುಟ್ಟಿನಿಂದ ಮುಪ್ಪಿನವರೆಗಿನ ಮನಸ್ಸಿನ ಬೆಳವಣಿಗೆಯ ಸೈಕಾಲಜಿ. ಕೆಲವು ಕಡೆ ಸೋಶಿಯಾಲಜಿ ಕೂಡ. ವಿಜ್ಞಾನದ ವಿಷಯಗಳಿಗೆ ಲ್ಯಾಬ್ ಇರಲೇಬೇಕು.

ಬಿಫಾರ್ಮಾ, ಬಿಎಸ್ಸಿ ಬಯೋಟೆಕ್ ಮಾಡಿದವರು "ನಾನು ಇದೆಲ್ಲ ಓದಿದ್ದೀನಲ್ವಾ" ಅನ್ನುತ್ತಾರೆ. ಓದಿದ್ದೀರಿ. ಆದರೆ ಅನೇಕ ಕಾಲೇಜುಗಳು ವಿಜ್ಞಾನದ ವಿಷಯಗಳು ಕಳೆದ ಐದು, ಏಳು ಅಥವಾ ಹತ್ತು ವರ್ಷದೊಳಗೆ ಆಗಿರಬೇಕು ಅನ್ನುತ್ತವೆ. ಹದಿನೈದು ವರ್ಷದ ಹಿಂದಿನದು ನಡೆಯುವುದಿಲ್ಲ. ಮತ್ತೆ ಓದುವುದರಿಂದ ಒಂದು ಲಾಭವೂ ಇದೆ. ಹಳೆಯ ಡಿಗ್ರಿಯ ಅಂಕ ಸಾಧಾರಣ ಇದ್ದರೂ, ಇಲ್ಲಿನ ತಾಜಾ ಗ್ರೇಡುಗಳು ಅರ್ಜಿಗೆ ಬಲ ಕೊಡುತ್ತವೆ. ಕನಿಷ್ಠ 3.0 ಜಿಪಿಎ ಅಂತ ಬರೆದಿರುತ್ತಾರೆ. ಸೀಟು ಸಿಗುವವರದು ಅದಕ್ಕಿಂತ ಸಾಕಷ್ಟು ಮೇಲಿರುತ್ತದೆ.

ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಓದಿ. ಫೀಸ್ ಕಡಿಮೆ, ಸಂಜೆ ತರಗತಿ ಇರುತ್ತದೆ, ತರಗತಿಯಲ್ಲಿ ನಿಮ್ಮ ವಯಸ್ಸಿನವರೂ ಇರುತ್ತಾರೆ. ಎಚ್-4ನವರಿಗೆ ಸ್ಥಳೀಯರ ದರದ ಫೀಸ್ ಸಿಗುತ್ತದೆಯೇ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸೇರುವ ಮೊದಲು ಕೇಳಿ. ನೀವು ಅರ್ಜಿ ಹಾಕುವ ನರ್ಸಿಂಗ್ ಕಾಲೇಜಿಗೆ ಈ ಕೋರ್ಸಿನ ನಂಬರ್ ಬರೆದು, "ಇದು ನಿಮ್ಮಲ್ಲಿ ಒಪ್ಪಿಗೆಯೇ?" ಅಂತ ಇಮೇಲಿನಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಆನ್‌ಲೈನ್ ಲ್ಯಾಬ್ ಒಪ್ಪುತ್ತಾರಾ ಅನ್ನುವುದನ್ನೂ ಕೇಳಿ.

ಅನಾಟಮಿ ಒಂದು ಮುಗಿಯದೆ ಎರಡಕ್ಕೆ ಕೂರಿಸುವುದಿಲ್ಲ. ಕೆಲವು ಕಾಲೇಜುಗಳಲ್ಲಿ ಅದಕ್ಕೂ ಮೊದಲು ಬಯಾಲಜಿ ಕೇಳುತ್ತಾರೆ. ಹಾಗಾಗಿ ಎಷ್ಟೇ ಓಡಿದರೂ ಎರಡು ಮೂರು ಸೆಮಿಸ್ಟರ್ ಬೇಕೇ ಬೇಕು. ನರ್ಸಿಂಗ್ ತರಗತಿ ಆಗಸ್ಟಿನಲ್ಲಿ ಶುರು ಅಂದರೆ, ಅರ್ಜಿ ಹಿಂದಿನ ಚಳಿಗಾಲದ ಆಸುಪಾಸಿನಲ್ಲಿ ಹೋಗಬೇಕಾಗುತ್ತದೆ. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ವಿಷಯ ಮುಗಿದಿದ್ದರೆ ಒಳ್ಳೆಯದು. ಹಿಂದಕ್ಕೆ ಎಣಿಸಿದರೆ ಒಂದೂವರೆ ವರ್ಷ ಮೊದಲೇ ಶುರು ಮಾಡಬೇಕು.

ಅನಾಟಮಿ ಮತ್ತು ಮೈಕ್ರೋಬಯಾಲಜಿಯನ್ನು ಒಂದೇ ಸೆಮಿಸ್ಟರಿನಲ್ಲಿ ಹಾಕಿಕೊಳ್ಳಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಬೇಡವೇ ಬೇಡ. ಒಂದು ಎ ಗ್ರೇಡ್ ಎರಡು ಬಿ ಮೈನಸ್‌ಗಿಂತ ಮೇಲು. ಒಂದೇ ವಿಷಯವನ್ನು ಎಷ್ಟು ಸಲ ಮತ್ತೆ ಓದಬಹುದು ಅನ್ನುವುದಕ್ಕೂ ಮಿತಿ ಇರುತ್ತದೆ.

ಹಂತ 4: ಕಾಲೇಜು ಆರಿಸುವುದು

ಮೂರು ವಿಷಯ ನೋಡಿದರೆ ಅರ್ಧ ಪಟ್ಟಿ ತಾನಾಗಿ ಉದುರುತ್ತದೆ. ಒಂದು, ರಾಜ್ಯದ ನರ್ಸಿಂಗ್ ಬೋರ್ಡಿನ ಒಪ್ಪಿಗೆ ಮತ್ತು ಸಿಸಿಎನ್‌ಇ ಅಥವಾ ಎಸಿಇಎನ್ ಅನ್ನುವ ಸಂಸ್ಥೆಯ ಮಾನ್ಯತೆ. ಎರಡು, ಮೊದಲ ಪ್ರಯತ್ನದಲ್ಲಿ ಎನ್‌ಕ್ಲೆಕ್ಸ್ ಪಾಸಾದವರ ಪ್ರಮಾಣ. ರಾಜ್ಯದ ಬೋರ್ಡುಗಳು ಸಾಮಾನ್ಯವಾಗಿ ಇದನ್ನು ಪ್ರಕಟಿಸುತ್ತವೆ. ಒಂದು ವರ್ಷದ್ದು ಸಾಲದು, ಮೂರು ನಾಲ್ಕು ವರ್ಷದ್ದು ಜೋಡಿಸಿ ನೋಡಿ. ಮೂರು, ಸೇರಿದವರಲ್ಲಿ ಎಷ್ಟು ಜನ ಸಮಯಕ್ಕೆ ಮುಗಿಸಿದರು. ಪಾಸ್ ಪ್ರಮಾಣ ಚೆನ್ನಾಗಿದ್ದು ಅರ್ಧ ಜನ ನಡುವೆಯೇ ಬಿಟ್ಟಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ಅವಧಿಯನ್ನೂ ಗಮನಿಸಿ. ಫಿಲಡೆಲ್ಫಿಯಾದ ಡ್ರೆಕ್ಸೆಲ್ ಯೂನಿವರ್ಸಿಟಿಯ ಕೋರ್ಸ್ 11 ತಿಂಗಳಿನದು ಅಂತ ಹೆಸರುವಾಸಿ. ಮಕ್ಕಳಿರುವವರಿಗೆ 15, 16 ತಿಂಗಳಿನದು ಉಸಿರಾಡಲು ಸ್ವಲ್ಪ ಜಾಗ ಕೊಡುತ್ತದೆ. ಜಾನ್ಸ್ ಹಾಪ್ಕಿನ್ಸ್, ಕೊಲಂಬಿಯಾದಂತಹ ಕಡೆ ಇದೇ ಬಗೆಯ ವಿದ್ಯಾರ್ಥಿಗಳಿಗೆ ನೇರ ಮಾಸ್ಟರ್ಸ್ ಇದೆ. ಅದರ ಫೀಸ್ ಮತ್ತು ಸಾಲದ ನಿಯಮ ಬೇರೆ.

ಕ್ಲಿನಿಕಲ್ ಎಲ್ಲಿ ನಡೆಯುತ್ತದೆ ಅಂತ ಮರೆಯದೆ ಕೇಳಿ. ಬೆಳಿಗ್ಗೆ ಏಳಕ್ಕೆ ವಾರ್ಡಿನಲ್ಲಿ ಇರಬೇಕು. ಆಸ್ಪತ್ರೆ ಒಂದು ಗಂಟೆಯ ದಾರಿಯಾದರೆ ಐದಕ್ಕೆ ಏಳಬೇಕು. ಡ್ರೈವಿಂಗ್ ಬಾರದವರು ಈಗಲೇ ಕಲಿಯಿರಿ.

ಹಂತ 5: ಪ್ರವೇಶ ಪರೀಕ್ಷೆ

ಎಲ್ಲಾ ಕಾಲೇಜಿಗೂ ಬೇಕಾಗಿಲ್ಲ. ಬೇಕಾದ ಕಡೆ ಹೆಚ್ಚಾಗಿ ಟೀಸ್ ಅಥವಾ ಹೆಸಿ ಎ2 ಕೇಳುತ್ತಾರೆ. ಟೀಸ್‌ನಲ್ಲಿ 170 ಪ್ರಶ್ನೆ, 209 ನಿಮಿಷ. ಓದು, ಗಣಿತ, ವಿಜ್ಞಾನ, ಇಂಗ್ಲಿಷ್ ಅಂತ ನಾಲ್ಕು ಭಾಗ. ಗಣಿತ ನಮ್ಮವರಿಗೆ ಸುಲಭ, ಕ್ಯಾಲ್ಕುಲೇಟರ್ ಪರದೆ ಮೇಲೇ ಇರುತ್ತದೆ. ಔನ್ಸ್, ಪೌಂಡ್, ಕಪ್, ಗ್ಯಾಲನ್ ಮಾತ್ರ ಬಾಯಿಪಾಠ ಮಾಡಿ. ಅಂಕ ಹೋಗುವುದು ವಿಜ್ಞಾನದಲ್ಲಿ, ಅದರಲ್ಲೂ ದೇಹದ ರಚನೆಯ ಪ್ರಶ್ನೆಗಳಲ್ಲಿ. ಆದ್ದರಿಂದ ಅನಾಟಮಿ ಎರಡು ಮುಗಿದ ತಿಂಗಳೊಳಗೇ ಪರೀಕ್ಷೆ ಬರೆಯಿರಿ. ನೆನಪು ಹಸಿಯಾಗಿರುತ್ತದೆ. ಎಷ್ಟು ಸಲ ಬರೆಯಬಹುದು, ಎಷ್ಟು ದಿನದ ಅಂತರ ಬೇಕು ಅನ್ನುವುದನ್ನು ಆಯಾ ಕಾಲೇಜು ತೀರ್ಮಾನಿಸುತ್ತದೆ.

ಭಾರತದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ್ದರೂ ಕೆಲವು ಕಡೆ ಟೋಫೆಲ್ ಅಥವಾ ಐಇಎಲ್‌ಟಿಎಸ್ ಕೇಳುತ್ತಾರೆ. ಆ ಅಂಕಗಳು ಎರಡೇ ವರ್ಷ ಚಾಲ್ತಿ. ತೀರಾ ಬೇಗ ಬರೆದಿಟ್ಟುಕೊಂಡರೆ ಅರ್ಜಿ ಹಾಕುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಹಂತ 6: ಅರ್ಜಿ ತುಂಬುವುದು

ಅನೇಕ ಕಾಲೇಜುಗಳು ನರ್ಸಿಂಗ್‌ಕ್ಯಾಸ್ ಅನ್ನುವ ಒಂದೇ ಜಾಲತಾಣದ ಮೂಲಕ ಅರ್ಜಿ ತೆಗೆದುಕೊಳ್ಳುತ್ತವೆ. ಓದಿದ ಎಲ್ಲಾ ಕಾಲೇಜನ್ನೂ ಅಲ್ಲಿ ನಮೂದಿಸಬೇಕು. ಒಂದೇ ಒಂದು ವಿಷಯ ಓದಿದ, ನಡುವೆ ಬಿಟ್ಟುಬಿಟ್ಟ ಕಮ್ಯುನಿಟಿ ಕಾಲೇಜನ್ನೂ ಬಿಡಬಾರದು. ಕೋರ್ಸುಗಳನ್ನು ಟ್ರಾನ್ಸ್‌ಕ್ರಿಪ್ಟಿನಲ್ಲಿ ಇರುವ ಹಾಗೇ, ಅಕ್ಷರ ಬದಲಿಸದೆ ತುಂಬಿ. ಒಮ್ಮೆ ಕಳಿಸಿದ ಮೇಲೆ ಬಹುಪಾಲು ತಿದ್ದಲು ಬರುವುದಿಲ್ಲ.

ಕಳಿಸಿದ ದಿನ ಕೆಲಸ ಮುಗಿಯಲಿಲ್ಲ. ಟ್ರಾನ್ಸ್‌ಕ್ರಿಪ್ಟ್‌ಗಳು ಬಂದು, ಅರ್ಜಿ "ಕಂಪ್ಲೀಟ್" ಆಗಿ, ಪರಿಶೀಲನೆಯಾಗಿ "ವೆರಿಫೈಡ್" ಆಗಬೇಕು. ಇದಕ್ಕೆ ಕೆಲವು ವಾರ ಹಿಡಿಯಬಹುದು. ಗಡುವಿನ ದಿನಕ್ಕೆ ವೆರಿಫೈಡ್ ಆಗಿರಬೇಕು ಅಂತ ಕೆಲವು ಕಾಲೇಜು ಹೇಳುತ್ತವೆ, ಕಳಿಸಿದ್ದರೆ ಸಾಕು ಅಂತ ಕೆಲವು. ನೀವು ಆರು ವಾರ ಮೊದಲೇ ಕಳಿಸಿ. ಸೀಟುಗಳನ್ನು ಬಂದ ಹಾಗೆ ಹಂಚುತ್ತಾ ಹೋಗುವ ಕಾಲೇಜುಗಳಲ್ಲಿ ಬೇಗ ಬಂದ ಅರ್ಜಿಗೆ ನಿಜವಾಗಿಯೂ ಅನುಕೂಲ ಇದೆ.

ಶಿಫಾರಸು ಪತ್ರಗಳ ಬಗ್ಗೆ. ಊರಿನ ಹಳೆಯ ಮೇಷ್ಟ್ರು ನಿಮ್ಮನ್ನು ಪ್ರೀತಿಯಿಂದ ನೆನೆಯಬಹುದು, ಆದರೆ ಹದಿನೈದು ವರ್ಷದ ಹಿಂದಿನ ನೆನಪು ಇಲ್ಲಿ ಹೆಚ್ಚು ತೂಗುವುದಿಲ್ಲ. ಅನಾಟಮಿ ಅಥವಾ ಮೈಕ್ರೋಬಯಾಲಜಿ ಲ್ಯಾಬಿನ ಪ್ರೊಫೆಸರ್ ಒಳ್ಳೆಯ ಆಯ್ಕೆ. ಸೆಮಿಸ್ಟರ್ ಶುರುವಿನಿಂದಲೇ ಅವರ ಆಫೀಸ್ ವೇಳೆಯಲ್ಲಿ ಹೋಗಿ ಮಾತಾಡಿ, ಪ್ರಶ್ನೆ ಕೇಳಿ. ನಮ್ಮಲ್ಲಿ ಪ್ರೊಫೆಸರ್ ಕೋಣೆಗೆ ಹೋಗುವುದೆಂದರೆ ಏನೋ ಸಂಕೋಚ. ಇಲ್ಲಿ ಅದನ್ನು ಆಸಕ್ತಿ ಅಂತ ನೋಡುತ್ತಾರೆ. ಪತ್ರ ಆನ್‌ಲೈನಿನಲ್ಲೇ ಅವರಿಂದ ನೇರವಾಗಿ ಹೋಗುತ್ತದೆ. "ನಾನು ಈ ಪತ್ರ ನೋಡುವ ಹಕ್ಕು ಬಿಡುತ್ತೇನೆ" ಅನ್ನುವುದಕ್ಕೆ ಒಪ್ಪಿ. ಇಲ್ಲದಿದ್ದರೆ ಓದುವವರಿಗೆ ಪತ್ರದ ಮೇಲೆ ನಂಬಿಕೆ ಕಡಿಮೆಯಾಗುತ್ತದೆ.

ಆಸ್ಪತ್ರೆಯ ಅನುಭವ ಇದ್ದರೆ ಒಳ್ಳೆಯದು. ಕೆಲಸದ ಅನುಮತಿ ಇರುವವರು ಸಿಎನ್‌ಎ (ನರ್ಸ್ ಸಹಾಯಕರ) ತರಬೇತಿ ಮಾಡಿ ಕೆಲವು ತಿಂಗಳು ಕೆಲಸ ಮಾಡಬಹುದು. ಫೆಡರಲ್ ನಿಯಮದ ಪ್ರಕಾರ ಆ ತರಬೇತಿ ಕನಿಷ್ಠ 75 ಗಂಟೆ, ಕೆಲವು ರಾಜ್ಯಗಳಲ್ಲಿ ಜಾಸ್ತಿ. ಎಚ್-4ನವರು ಆಸ್ಪತ್ರೆಯ ಸ್ವಯಂಸೇವಕರ ವಿಭಾಗಕ್ಕೆ ಸೇರಿ. ಎಲ್ಲರೂ ಸಂಬಳವಿಲ್ಲದೆ ಮಾಡುವ ಸೇವೆ ಮಾತ್ರ ನಿಮಗೆ ಸರಿ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು "ಪುಕ್ಕಟೆ ಮಾಡ್ತೀನಿ" ಅಂತ ಒಪ್ಪಿಕೊಂಡರೆ ವೀಸಾಕ್ಕೆ ತೊಂದರೆ.

ಇನ್ನು ಅರ್ಜಿಯ ಜೊತೆ ಕಳಿಸುವ ಪ್ರಬಂಧ. "ನನಗೆ ಚಿಕ್ಕಂದಿನಿಂದಲೂ ಸೇವೆ ಮಾಡುವ ಆಸೆ" ಅಂತ ಶುರು ಮಾಡಬೇಡಿ. ಸಾವಿರ ಜನ ಹಾಗೇ ಬರೆಯುತ್ತಾರೆ. ಒಂದು ದಿನ, ಒಂದು ಮಂಚ, ಒಬ್ಬ ಮನುಷ್ಯನ ಬಗ್ಗೆ ಬರೆಯಿರಿ. ನಾನು ನನ್ನ ಅಜ್ಜಿಯ ಕಾಲಿನ ಹುಣ್ಣಿನ ಬಗ್ಗೆ ಬರೆದೆ. ಸಕ್ಕರೆ ಕಾಯಿಲೆ. ಅಜ್ಜಿ ಯಾರಿಗೂ ಹೇಳಿರಲಿಲ್ಲ. ತಾಲ್ಲೂಕು ಆಸ್ಪತ್ರೆಯ ಸಿಸ್ಟರ್ ಬೇರೆ ಏನಕ್ಕೋ ಬಿಪಿ ನೋಡಲು ಬಂದವರು, ವಾಸನೆಯಿಂದಲೇ ಗುರುತಿಸಿ ಸೀರೆಯ ಅಂಚು ಸರಿಸಿ ನೋಡಿದರು. ಅಜ್ಜಿಯ ಕಾಲು ಉಳಿಯಿತು. ಆ ಸಿಸ್ಟರ್ ಮಾಡಿದ್ದಕ್ಕೆ ಇಂಗ್ಲಿಷಿನಲ್ಲಿ ಅಸೆಸ್‌ಮೆಂಟ್ ಅನ್ನುತ್ತಾರೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಸಂದರ್ಶನದಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ಅಜ್ಜಿಯ ಬಗ್ಗೆ.

ನಡುವೆ ಹತ್ತು ವರ್ಷ ಕೆಲಸ ಇರಲಿಲ್ಲ ಅನ್ನುವುದನ್ನು ಮುಚ್ಚಿಡಬೇಡಿ. ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಈ ಕೋರ್ಸ್ ಎಷ್ಟು ಕಠಿಣ ಅಂತ ನಿಮಗೆ ಗೊತ್ತಿದೆ, ಮನೆಯ ವ್ಯವಸ್ಥೆ ಯೋಚಿಸಿದ್ದೀರಿ ಅನ್ನುವುದು ಓದುವವರಿಗೆ ಕಾಣಬೇಕು.

ಹಂತ 7: ಕಾಯುವ ತಿಂಗಳುಗಳು

ಅರ್ಜಿ ಹೋದ ಮೇಲೆ ಬರುವ ಮೌನ ಎಲ್ಲಕ್ಕಿಂತ ಕಷ್ಟ. ದಿನಕ್ಕೆ ಹತ್ತು ಸಲ ಇಮೇಲ್ ತೆರೆಯುತ್ತೀರಿ. ಸ್ಪ್ಯಾಮ್ ಫೋಲ್ಡರ್ ನೋಡುತ್ತೀರಿ. ಬೇರೆಯವರಿಗೆ ಸಂದರ್ಶನದ ಕರೆ ಬಂತು ಅಂತ ಗೊತ್ತಾದ ದಿನ ಊಟ ಸೇರುವುದಿಲ್ಲ. ನಾನು ಹನ್ನೊಂದು ವಾರ ಹೀಗೆ ಕಳೆದೆ. ಆ ವಾರಗಳಲ್ಲಿ ಮಾಡಬಹುದಾದ ನಿಜವಾದ ಕೆಲಸ ಇದೆ ಅಂತ ಯಾರೂ ನನಗೆ ಹೇಳಿರಲಿಲ್ಲ.

ಮೊದಲನೆಯದು ಲಸಿಕೆಯ ದಾಖಲೆ. ಆಸ್ಪತ್ರೆಗೆ ಕಾಲಿಡುವ ಮುಂಚೆ ದಡಾರ, ಮಂಪ್ಸ್, ರುಬೆಲ್ಲಾ, ಚಿಕನ್ ಪಾಕ್ಸ್, ಹೆಪಟೈಟಿಸ್ ಬಿ, ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು), ಫ್ಲೂ, ಇವುಗಳ ಪುರಾವೆ ಬೇಕು. ಚಿಕನ್ ಪಾಕ್ಸ್ ಅಂದರೆ ನಮ್ಮ ಕಡೆ ಅಮ್ಮ ಅನ್ನುವುದು. ಬಾಲ್ಯದ ಲಸಿಕೆ ಕಾರ್ಡ್ ನಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ? ಚಿಂತೆ ಬೇಡ. ಟೈಟರ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿ. ದೇಹದಲ್ಲಿ ರೋಗನಿರೋಧಕ ಶಕ್ತಿ ಇದೆಯಾ ಅಂತ ಅದೇ ಹೇಳುತ್ತದೆ. ಚಿಕ್ಕಂದಿನಲ್ಲಿ ಅಮ್ಮ ಬಂದು ಬೇವಿನ ಸೊಪ್ಪಿನ ಮೇಲೆ ಮಲಗಿದ್ದವರಿಗೆ ಚಿಕನ್ ಪಾಕ್ಸ್ ಟೈಟರ್ ಸಾಮಾನ್ಯವಾಗಿ ಪಾಸಿಟಿವ್ ಬರುತ್ತದೆ. ಹೆಪಟೈಟಿಸ್ ಬಿ ವಿರುದ್ಧ ಆ ಶಕ್ತಿ ಇಲ್ಲ ಅಂತ ಬಂದರೆ ಸಾಮಾನ್ಯ ಮೂರು ಡೋಸಿಗೆ ಆರು ತಿಂಗಳು ಹಿಡಿಯುತ್ತದೆ. ಸೀಟು ಬಂದ ಮೇಲೆ ಶುರು ಮಾಡಿದರೆ ತಡ.

ಟಿಬಿ ಪರೀಕ್ಷೆಯಲ್ಲಿ ನಮ್ಮವರಿಗೆ ಒಂದು ವಿಶೇಷ ತೊಡಕು. ನಮಗೆಲ್ಲ ಹುಟ್ಟಿದಾಗ ಟಿಬಿಯ ಲಸಿಕೆ ಬಿಸಿಜಿ ಹಾಕಿಸಿರುತ್ತಾರೆ, ತೋಳಿನ ಮೇಲೆ ಕಲೆ ಇದೆ ಅಲ್ವಾ, ಅದೇ. ಚರ್ಮದೊಳಗೆ ಚುಚ್ಚುವ ಪರೀಕ್ಷೆ ಮಾಡಿದರೆ ಬಿಸಿಜಿಯ ಕಾರಣಕ್ಕೇ ಊದಿಕೊಂಡು ಪಾಸಿಟಿವ್ ಅಂತ ತೋರಿಸಬಹುದು. ಆಮೇಲೆ ಎಕ್ಸ್‌ರೇ, ಓಡಾಟ, ಗಾಬರಿ. ಕ್ವಾಂಟಿಫೆರಾನ್‌ನಂತಹ ರಕ್ತ ಪರೀಕ್ಷೆಗೆ ಬಿಸಿಜಿ ಅಡ್ಡ ಬರುವುದಿಲ್ಲ. ಡಾಕ್ಟರ್ ಹತ್ತಿರ ಅದನ್ನೇ ಕೇಳಿ. ಅದರಲ್ಲೂ ಪಾಸಿಟಿವ್ ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಂಡು ಮುಂದಿನ ಪರೀಕ್ಷೆ ಮಾಡಿಸಿ.

ಎರಡನೆಯದು ಮನೆ. ಹದಿನೈದು ತಿಂಗಳು ಯಾರು ಅಡುಗೆ ಮಾಡುತ್ತಾರೆ, ಮಗುವಿಗೆ ಜ್ವರ ಬಂದ ದಿನ ಯಾರು ರಜೆ ಹಾಕುತ್ತಾರೆ ಅಂತ ಗಂಡನ ಜೊತೆ ಕೂತು ಕಾಗದದ ಮೇಲೆ ಬರೆಯಿರಿ. ಕ್ಲಿನಿಕಲ್ ತಪ್ಪಿಸಿದರೆ ಕೋರ್ಸೇ ನಿಲ್ಲಬಹುದು. ಊರಿಂದ ಅಮ್ಮನನ್ನೋ ಅತ್ತೆಯನ್ನೋ ಕರೆಸುವ ಯೋಚನೆ ಇದ್ದರೆ ಅವರ ವೀಸಾ ಸಂದರ್ಶನದ ದಿನಾಂಕ ಈಗಲೇ ಹುಡುಕಿ.

ಕಾಲೇಜಿಗೆ ಇಮೇಲ್ ಎಷ್ಟು ಸಲ ಹಾಕಬಹುದು? ಹೊಸ ವಿಷಯ ಇದ್ದಾಗ ಮಾತ್ರ. ಸೆಮಿಸ್ಟರ್ ಮುಗಿದು ಹೊಸ ಗ್ರೇಡ್ ಬಂತು, ಆ ಟ್ರಾನ್ಸ್‌ಕ್ರಿಪ್ಟ್ ಕಳಿಸಿ ಎರಡು ಸಾಲು ಬರೆಯಿರಿ. ಉತ್ತರ ಕೊಡುತ್ತೇವೆ ಅಂದ ದಿನ ದಾಟಿದ್ದರೆ ಒಂದು ವಾರ ಬಿಟ್ಟು ವಿನಯದಿಂದ ಕೇಳಿ. ಸುಮ್ನೆ "ಏನಾಯಿತು" ಅಂತ ಕೇಳಬೇಡಿ.

ವೇಟ್‌ಲಿಸ್ಟ್ ಅಂತ ಬಂದರೆ ಅದು ತಿರಸ್ಕಾರ ಅಲ್ಲ. ಈ ಕೋರ್ಸುಗಳಲ್ಲಿ ಶುರುವಾಗುವ ವಾರದವರೆಗೂ ಸೀಟು ಬಿಡುವವರಿರುತ್ತಾರೆ. ದುಡ್ಡು ಹೊಂದಲಿಲ್ಲ, ಬೇರೆ ಕಡೆ ಸಿಕ್ಕಿತು, ಪ್ರೀರೆಕ್ವಿಸಿಟ್‌ನಲ್ಲಿ ಗ್ರೇಡ್ ಬರಲಿಲ್ಲ. ಪಟ್ಟಿಯಲ್ಲಿ ಇರಲು ಒಪ್ಪಿಗೆ ತಕ್ಷಣ ತಿಳಿಸಿ. ಫೋನ್ ಬಂದರೆ ಎರಡು ದಿನದಲ್ಲಿ ಉತ್ತರಿಸುವಷ್ಟು ತಯಾರಿರಿ. ಹಾಗಂತ ಕೈಯಲ್ಲಿರುವ ಇನ್ನೊಂದು ಸೀಟನ್ನು ಬಿಟ್ಟು ಕಾಯಬೇಡಿ. ಡೆಪಾಸಿಟ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ ನಿಜ. ಆದರೂ ಒಂದು ಗಟ್ಟಿ ಸೀಟಿಗೆ ಕಟ್ಟಿಬಿಡಿ.

ಸಿಗಲಿಲ್ಲವಾದರೆ ಒಂದೆರಡು ದಿನ ಅತ್ತುಬಿಡಿ. ಆಮೇಲೆ ಪ್ರವೇಶ ವಿಭಾಗಕ್ಕೆ ಬರೆದು, ಮುಂದಿನ ಸಲಕ್ಕೆ ಏನು ಬಲಪಡಿಸಬೇಕು ಅಂತ ಕೇಳಿ. ಕೆಲವರು ಉತ್ತರಿಸುತ್ತಾರೆ. ಹಲವು ಕಾಲೇಜುಗಳು ವರ್ಷಕ್ಕೆ ಎರಡು ಮೂರು ಸಲ ಸೇರಿಸಿಕೊಳ್ಳುತ್ತವೆ, ಹಾಗಾಗಿ ಮುಂದಿನ ಅವಕಾಶ ಆರು ತಿಂಗಳ ದೂರ ಇರಬಹುದು. ಊರಿನಿಂದ ತರಿಸಿದ ಆ ಹೆಚ್ಚುವರಿ ಸೀಲ್ ಲಕೋಟೆಗಳು ಆಗ ಕೈಗೆ ಬರುತ್ತವೆ.

ಸೀಟು ಬಂದ ಮೇಲೆ

ಪತ್ರವನ್ನು ಸಂತೋಷದಲ್ಲಿ ಒಮ್ಮೆ ಓದಿ, ಆಮೇಲೆ ನಿಧಾನವಾಗಿ ಇನ್ನೊಮ್ಮೆ ಓದಿ. "ಷರತ್ತಿನ ಪ್ರವೇಶ" ಅಂತ ಇದ್ದರೆ ಉಳಿದ ವಿಷಯಗಳಲ್ಲಿ ಎಷ್ಟು ಗ್ರೇಡ್, ಯಾವ ತಾರೀಕಿನೊಳಗೆ ಅಂತ ಬರೆದಿರುತ್ತಾರೆ. ಆ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಪೊಲೀಸ್ ಹಿನ್ನೆಲೆ ಪರಿಶೀಲನೆ, ಬೆರಳಚ್ಚು, ಮಾದಕ ವಸ್ತು ಪರೀಕ್ಷೆಗೆ ಕಾಲೇಜು ಒಂದು ಲಿಂಕ್ ಕಳಿಸುತ್ತದೆ. ಕೊಟ್ಟ ದಿನಗಳೊಳಗೇ ಮಾಡಿಸಿ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರು ಆ ಜಾಗದಲ್ಲಿ ಏನು ತುಂಬಬೇಕು ಅಂತ ಮೊದಲೇ ಕೇಳಿಕೊಳ್ಳಿ.

ಬಿಎಲ್‌ಎಸ್ ಕಾರ್ಡ್ ಕೂಡ ಬೇಕು. ನಿಂತ ಹೃದಯಕ್ಕೆ ಎದೆ ಒತ್ತುವ ತರಬೇತಿ ಅದು. ಹೆಚ್ಚಿನ ಕಾಲೇಜುಗಳು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ ಪ್ರೊವೈಡರ್ ಕಾರ್ಡನ್ನೇ ಕೇಳುತ್ತವೆ. ಎರಡು ವರ್ಷ ಚಾಲ್ತಿ. ಕಡಿಮೆ ಬೆಲೆಗೆ ಪೂರ್ತಿ ಆನ್‌ಲೈನಿನಲ್ಲೇ ಕೊಡುವ ಕಾರ್ಡ್‌ಗಳನ್ನು ಕೊಳ್ಳಬೇಡಿ, ಒಪ್ಪುವುದಿಲ್ಲ. ಬೊಂಬೆಯ ಎದೆ ಮೇಲೆ ನಿಮ್ಮ ಕೈಯಿಂದಲೇ ಒತ್ತಿ ತೋರಿಸಬೇಕು. ನಾನು ಸಲ್ವಾರ್ ಹಾಕಿಕೊಂಡು ಹೋಗಿ, ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ಒತ್ತಿದೆ. ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಕ್ಕೇ ತೋಳು ಸೋತಿತ್ತು, ಮಂಡಿ ನೋಯುತ್ತಿತ್ತು. ಪ್ಯಾಂಟ್ ಹಾಕಿಕೊಂಡು ಹೋಗಿ, ಮಂಡಿಗೆ ಒಂದು ಮಡಿಚಿದ ಟವೆಲ್ ಇಟ್ಟುಕೊಳ್ಳಿ.